ದೊಡ್ಡಮ್ಮ ಸಾಕಿದ ಸುಳ್ಳು

ನಮ್ಮ ದೊಡ್ಡಮ್ಮನ ದನಿ ಎರಡು ತೋಟ ದಾಟುತ್ತಿತ್ತು. ದಬ್ಬೇಘಟ್ಟದ ಕಡೆಯಿಂದ ಬರುವ ಬಸ್ಸಿಗೆ ಅವಳು ಎಂದೂ ಕೈ ಅಡ್ಡ ಹಾಕಿದವಳಲ್ಲ. ಜಗಲಿಯ ಮೇಲಿಂದಲೇ "ತಡಿಯಪ್ಪೋ" ಎಂದರೆ ಡ್ರೈವರು ಬ್ರೇಕು ಒತ್ತುತ್ತಿದ್ದ. ಹೊಸದಾಗಿ ಬಂದ ಕಂಡಕ್ಟರೊಬ್ಬ "ಮೈಕ್ ಏನಾದ್ರೂ ನುಂಗಿದೀಯೇನಮ್ಮ?" ಎಂದು ಕೇಳಿ ಕೆಟ್ಟ. "ನಾನು ಮೈಕ್ ನುಂಗೀನಿ, ನೀನು ನನ್ನ ಚಿಲ್ಲರೆ ನುಂಗಬ್ಯಾಡ, ಈಚೆ ಕಕ್ಕು" ಎಂದಳು. ಇಡೀ ಬಸ್ಸು ನಕ್ಕಿತು. ಮುಂದಿನ ಸೀಟಿನಲ್ಲಿದ್ದ ನಾನು ಮಾತ್ರ ಕಿಟಕಿಯ ಕಡೆ ತಿರುಗಿ, ಅವಳು ಯಾರೋ ನಾನು ಯಾರೋ ಎಂಬಂತೆ ಕೂತಿದ್ದೆ.

ಹೆಸರು ನಿಂಗಮ್ಮ, ಅಪ್ಪನ ಅಣ್ಣನ ಹೆಂಡತಿ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಅಟ್ಟದಲ್ಲಿ ವರ್ಷಗಟ್ಟಲೆ ಒಣಗಿದ ಕಾಯನ್ನು ಇಳಿಸುವಾಗ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವಳ ಕೆಲಸ. ಒಳಗೆ ಕೊಬ್ಬರಿ ಲೊಟಲೊಟ ಎಂದರೆ ಒಡೆಯಬಹುದು, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. "ಬಲಿತಿದ್ದು ಸದ್ದು ಮಾಡುತ್ತೆ ಕಣೇ, ಹಸೀದು ಸುಮ್ಕಿರುತ್ತೆ. ನಾನು ಬಲಿತೋಳು" ಎಂದು ತನ್ನ ಬಾಯಿಗೆ ತಾನೇ ಸಮರ್ಥನೆ ಕೊಟ್ಟುಕೊಳ್ಳುತ್ತಿದ್ದಳು. ಕೆಲಸದ ಹೊತ್ತಿನಲ್ಲಿ ಮೊಬೈಲು ಹಿಡಿದು ನಿಂತ ನನ್ನ ತಮ್ಮನಿಗೆ, ನೆಲಕ್ಕೆ ನೆಟ್ಟ ಕಾಯಿ ಸುಲಿಯುವ ಹಾರೆಯನ್ನು ತೋರಿಸಿ, "ಅದೂ ಬೆಳಗಿಂದ ನಿಂತೇ ಐತೆ ಕಣ್ಲಾ. ಆದ್ರೆ ಅದು ಚೂಪಾಗೈತೆ" ಎಂದಿದ್ದಳು. ಕಾಫಿ ಹೊಗಳಿದ ನೆಂಟರಿಗೆ, "ಹಸೂನ ಹೊಗಳಬ್ಯಾಡಿ, ಬೋರ್‌ವೆಲ್‌ನ ಹೊಗಳಿ" ಎನ್ನುವಳು.

ಸುಳ್ಳಿನ ವಿಷಯದಲ್ಲಿ ಅವಳದು ಒಂದೇ ಮಾತು. "ಸುಳ್ಳು ಹೇಳೋದೇನು ದೊಡ್ಡದಲ್ಲ. ಆಮೇಲೆ ಅದಕ್ಕೆ ಮೇವು ಹಾಕೋರ್ಯಾರು? ಇರೋ ದನಕ್ಕೇ ಹುಲ್ಲು ಸಾಲ್ತಿಲ್ಲ."

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ, ಕೇಸರಿಬಾತ್ ಹುಡುಗಿಯೇ ಮಾಡಿದ್ದು ಎಂದು ಅಮ್ಮ ಹೇಳಿಬಿಟ್ಟಳು. ಬಾಗಿಲಲ್ಲಿದ್ದ ದೊಡ್ಡಮ್ಮ, "ಅವಳು ಮಾಡಿದ್ರೆ ನೀವಿನ್ನೂ ಕಾಯ್ತಾ ಕೂತಿರ್ತಿದ್ರಿ ಕಣ್ರೀ" ಎಂದಳು. ಬಂದವರು ಹೊಟ್ಟೆ ಹಿಡಿದು ನಕ್ಕರು, ಸಂಬಂಧವೂ ಕುದುರಿತು. ನಾನೊಬ್ಬಳು ಇಂಗು ತಿಂದ ಮಂಗನ ಹಾಗೆ ಆಗಿದ್ದೆ. ನನ್ನ ಮದುವೆಯಲ್ಲಿ ಹೀಗಾಗಬಾರದು ಎಂದು ಆವತ್ತೇ ನಿಶ್ಚಯಿಸಿಕೊಂಡೆ.

ನನಗೆ ಗೊತ್ತಾದ ಸಂಬಂಧ ತಿಪಟೂರಿನ ಮನೆ. ಪೇಟೆಯಲ್ಲಿ ಬಟ್ಟೆ ಅಂಗಡಿ. ಅಲ್ಲಿ ಕುಕ್ಕರು ಕೂಗುವುದೇ ದೊಡ್ಡ ಸದ್ದು. ಅವರು ನನ್ನನ್ನು ನೋಡಲು ಬಂದಾಗ ದೊಡ್ಡಮ್ಮ ತವರಿಗೆ ಹೋಗಿದ್ದಳು, ಮದುವೆಯ ದಿನ ವಾಲಗದ ಗದ್ದಲ. ಉಳಿದದ್ದು ನಮ್ಮ ತೋಟದಲ್ಲಿ ಬೀಗರ ಊಟ. ಬೀಗರೂಟ ಎಂದರೆ ಆ ಕಡೆಯವರು ಈ ಕಡೆಯವರ ಕಾಲೆಳೆಯುವುದು, ಇವರು ತಿರುಗಿ ಕೊಡುವುದು. ನಮ್ಮ ಕಡೆಯಿಂದ ಕೊಡುವವಳು ಯಾವಾಗಲೂ ದೊಡ್ಡಮ್ಮನೇ.

ಹಿಂದಿನ ದಿನ ಅವಳ ಬಳಿ ಹೋದೆ. ಕಾಯಿ ಅಲ್ಲಾಡಿಸುತ್ತಾ ಕೂತಿದ್ದಳು.

"ದೊಡ್ಡಮ್ಮ, ನಾಳೆ ಸ್ವಲ್ಪ ಮೆಲ್ಲಗಿರು."

"ಮೆಲ್ಲಗೆ ಅಂದ್ರೆ?"

"ಮಾತಾಡಬೇಡ. ಅವರ ಮುಂದೆ ನನಗೆ ನಾಚಿಕೆ ಆಗುತ್ತೆ."

ಕೈಯಲ್ಲಿದ್ದ ಕಾಯಿ ಕಿವಿಯ ಹತ್ತಿರವೇ ನಿಂತಿತು. ಅದಕ್ಕೊಂದು ಗಾದೆ ಬರುತ್ತದೆಂದು ಕಾದೆ. "ಆಯ್ತು ಬುಡು" ಎಂದಳು, ಅಷ್ಟೇ.

ಮಾರನೆಯ ದಿನ ಪಂಕ್ತಿಯಲ್ಲಿ ಗಂಡಿನ ಸೋದರಮಾವ, "ಏನ್ರೀ, ನಿಮ್ಮೂರ ಮುದ್ದೆ ಎಸೆದ್ರೆ ತೆಂಗಿನಕಾಯಿ ಉದುರುತ್ತಲ್ರೀ" ಎಂದರು. ನಮ್ಮವರೆಲ್ಲ ದೊಡ್ಡಮ್ಮನ ಕಡೆ ನೋಡಿದರು. ಅವಳು ತಲೆ ಬಗ್ಗಿಸಿ ಮುದ್ದೆ ಮುರಿಯುತ್ತಿದ್ದಳು. ಪಕ್ಕದಲ್ಲಿದ್ದ ನನ್ನ ಅತ್ತೆ, "ಯಾಕ್ರೀ ಬೀಗಿತ್ತಿ, ನಿಮ್ಮ ಮಾತು ಕೇಳಬೇಕು ಅಂತಲೇ ಇಲ್ಲಿ ಬಂದು ಕೂತೆ" ಎಂದರು. ನಿಜವಾದ ಆಸೆಯಿಂದ ಕೇಳಿದ ಮಾತು ಅದು. ನನಗೆ ಭಯವಾಯಿತು. ಅವಳು ಬಾಯಿ ತೆರೆಯುವ ಮೊದಲೇ, "ಅವಳಿಗೆ ಗಂಟಲು ಸರಿಯಿಲ್ಲ ಅತ್ತೆ, ಡಾಕ್ಟರು ಮಾತಾಡಬಾರದು ಅಂದಿದ್ದಾರೆ" ಎಂದುಬಿಟ್ಟೆ.

ದೊಡ್ಡಮ್ಮ ನನ್ನನ್ನು ನೋಡಿದಳು. ಆಮೇಲೆ ಎಡಗೈಯನ್ನು ಗಂಟಲ ಮೇಲಿಟ್ಟುಕೊಂಡು ಹೌದೆಂದು ತಲೆಯಾಡಿಸಿದಳು. ಎದುರಿಗಿದ್ದ ಅಪ್ಪ ಎಲೆಯಿಂದ ಕಣ್ಣೆತ್ತಲಿಲ್ಲ. ಅವಳು ಸುಳ್ಳಿಗೆ ಸೇರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಹೊತ್ತಿಗೆ ಮುಗಿಯುವ ಸುಳ್ಳು ಎಂದುಕೊಂಡಿದ್ದೆ. ಆದರೆ ನನ್ನತ್ತೆ ಒಳ್ಳೆಯವರು. ಒಳ್ಳೆಯವರಿಗೆ ಸುಳ್ಳು ಹೇಳಿದರೆ ಕಷ್ಟ ಜಾಸ್ತಿ. ತಿಂಗಳು ತುಂಬುವುದರೊಳಗೆ ಕಷಾಯದ ಪುಡಿ ಕಳಿಸಿದರು. ಆಮೇಲೆ ಜೇನು, ಜ್ಯೇಷ್ಠಮಧು. ಕೊನೆಗೆ ದೊಡ್ಡಮ್ಮನನ್ನು ತಿಪಟೂರಿಗೆ ಕರೆಸಿ ತಾವೇ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರು ಟಾರ್ಚು ಬಿಟ್ಟು ನೋಡಿ, ಏನೂ ಕಾಣುತ್ತಿಲ್ಲವಲ್ಲ ಎಂದರು. ದೊಡ್ಡಮ್ಮ ಪಿಸುದನಿಯಲ್ಲಿ, "ವಯಸ್ಸಾಯ್ತು ಸಾರ್" ಎಂದಳು. ಬಸ್‌ಸ್ಟ್ಯಾಂಡಿಗೆ ಬಿಡಲು ನಾನೊಬ್ಬಳೇ ಹೋದಾಗ ಅವಳ ಪೂರ್ತಿ ದನಿ ವಾಪಸು ಬಂತು. "ನಿನ್ನ ಸುಳ್ಳಿನ ಕರ ಚೆನ್ನಾಗಿ ಬೆಳೀತೈತೆ ಕಣೇ. ಟಾನಿಕ್ ಬ್ಯಾರೆ ಕುಡಿಸ್ತಿದೀರಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. "ಅತ್ತೆಗೆ ಹೇಳಿಬಿಡಲಾ?" ಎಂದೆ.

"ಹೇಳು. ನಾನೇನು ಕಟ್ಟಾಕಿದೀನಾ? ಹಗ್ಗ ನಿನ್ ಕೈಯಾಗೇ ಐತೆ."

ಹೇಳಲಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತಲೇ ವರ್ಷಗಳು ಹೋದವು. ನನ್ನ ಮಗನ ನಾಮಕರಣಕ್ಕೆ ಅವಳು ಬಂದಳು. ಊರಿನ ಎಷ್ಟೋ ಮಕ್ಕಳ ತೊಟ್ಟಿಲ ಮುಂದೆ ಹಾಡಿದ್ದ ಹೆಂಗಸು ನನ್ನ ಮಗನ ತೊಟ್ಟಿಲನ್ನು ಸುಮ್ಮನೆ ತೂಗುತ್ತಾ ಕೂತಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅತ್ತೆ, "ಪಾಪ, ಆಸೆ ನೋಡು ಅವರಿಗೆ" ಎಂದು ಕಣ್ಣೊರೆಸಿಕೊಂಡರು. ಮೊದಲು ಅವಳ ಬಗ್ಗೆ ನನಗೆ ನಾಚಿಕೆಯಿತ್ತು. ಆವತ್ತು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಆದರೂ ಅತ್ತೆಗೆ ನಿಜ ಹೇಳಲಿಲ್ಲ.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ನೋಡಲು ಅತ್ತೆಯೂ ನನ್ನ ಜೊತೆ ಬಂದರು, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಹಿಡಿದುಕೊಂಡು. ದೊಡ್ಡಮ್ಮ ಎರಡು ಗುಟುಕು ಕುಡಿದು, "ಹಿತವಾಗೈತೆ ಬೀಗಿತ್ತಿ" ಎಂದು ಪಿಸುಗುಟ್ಟಿದಳು. ಲೋಟ ತೊಳೆಯಲು ಅತ್ತೆ ಹಿತ್ತಲಿಗೆ ಹೋದರು. ಈಗ ಪೂರ್ತಿ ದನಿ ಬರುತ್ತದೆ, ಏನಾದರೂ ಅನ್ನುತ್ತಾಳೆ ಎಂದು ನಾನು ಬಗ್ಗಿದೆ. ಬಂದದ್ದು ಅದೇ ಪಿಸುಮಾತು.

"ಈಗ ನಿಜವಾಗ್ಲೂ ದನಿ ಹೋಯ್ತು ಕಣೇ. ನಿನ್ ಮಾತು ಸುಳ್ಳಾಗಲಿಲ್ಲ, ಬುಡು."

ಅದು ತಮಾಷೆಯೋ, ಸಮಾಧಾನವೋ ನನಗೆ ಇವತ್ತಿಗೂ ತಿಳಿಯದು. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅತ್ತದ್ದಷ್ಟೇ, ಕ್ಷಮಿಸು ಎನ್ನಲಿಲ್ಲ. ವಾರ ಕಳೆಯುವುದರೊಳಗೆ ಅವಳು ಹೋದಳು.

ತಿಥಿಯ ದಿನ ಊಟ ಮುಗಿದ ಮೇಲೆ ಜಗಲಿಯ ಮೇಲೆ ಕೂತಿದ್ದೆವು. ರಸ್ತೆಯಲ್ಲಿ ಬಸ್ಸು ನಿಲ್ಲದೆ ಹೋಯಿತು. ನನ್ನತ್ತೆ ಅದನ್ನೇ ನೋಡುತ್ತಾ, "ಇಷ್ಟು ವರ್ಷ ಬೀಗಿತ್ತಿಯಾಗಿದ್ದರು, ಒಂದು ಸಲವೂ ಅವರ ದನಿ ಕೇಳಲಿಲ್ಲ ನಾನು" ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಮೊದಲು ಹೇಗಿತ್ತಮ್ಮ ಅವರ ದನಿ?"

ಎರಡು ತೋಟ ದಾಟುತ್ತಿತ್ತು ಎನ್ನಲು ಬಾಯಿ ತೆರೆದೆ.

"ನನಗೂ ಸರಿಯಾಗಿ ನೆನಪಿಲ್ಲ" ಎಂದೆ.

ಪಾಪ, ಅವರು ನನ್ನ ಬೆನ್ನು ಸವರುತ್ತಾ ಬಹಳ ಹೊತ್ತು ಸಮಾಧಾನ ಹೇಳಿದರು.