ನೀರು ಕುಡಿಯದ ಕೌದಿ

ಎಪ್ಪತ್ತರ ದಶಕದಲ್ಲಿ ನಮ್ಮಪ್ಪನಿಗೆ ಟೆರಿಲಿನ್ ಹುಚ್ಚು ಹಿಡಿಯಿತು. ಸಿಂದಗಿ ಬಜಾರಿನಲ್ಲಿ ನಮ್ಮದು ಅರಿವೆ ಅಂಗಡಿ. "ಹರಿಯೂದಿಲ್ಲ, ಮಾಸೂದಿಲ್ಲ, ಮೊಮ್ಮಕ್ಕಳ ತನಕಾ ಬರ್ತೈತಿ ನೋಡ್ರಿ" ಎಂದು ಆತ ಗಜಕಡ್ಡಿ ಕುಣಿಸಿದರೆ ಗಿರಾಕಿಗಳು ಬಾಯಿ ತೆರೆದು ಕೇಳುತ್ತಿದ್ದರು. ಹರಿಯದ ಅರಿವೆ ಮಾರಿದರೆ ಮುಂದೆ ಅಂಗಡಿಗೆ ಯಾರು ಬರುತ್ತಾರೆ ಎಂಬುದು ಆ ಜಾಣನಿಗೆ ಹೊಳೆದಿರಲಿಲ್ಲ. ಮನೆಯಲ್ಲೂ ಅವನದೇ ರಾಜ್ಯಭಾರ. ಅವ್ವ, ನಾನು, ಕೊನೆಗೆ ಅಪ್ಪನ ತಾಯಿ, ನಮ್ಮ ಆಯಿ ಕೂಡ ನೈಲಾನಿನಲ್ಲಿ ಬೆವರಿ ಬೇಯತೊಡಗಿದೆವು.

ನಮ್ಮ ಕಡೆ ಸೀರೆಗೆ ಸಾವು ಸುಲಭಕ್ಕೆ ಬರುತ್ತಿರಲಿಲ್ಲ. ಉಟ್ಟು ಹರಿದದ್ದು ಪದರ ಪದರ ಹೊಲಿದು ಹಾಸಿ ಹೊದೆಯುವ ಕೌದಿಯಾಗುತ್ತಿತ್ತು, ಕೌದಿ ಹರಿದರೆ ನೆಲ ಒರೆಸುವ ಅರಿವೆ, ಅದೂ ಹೋದರೆ ಒಲೆಗೆ. ಈಗ ಇದನ್ನೇ ಮರುಬಳಕೆ ಎಂದು ಭಾಷಣ ಮಾಡಿ ಶಾಲು ಹೊದಿಸಿಕೊಳ್ಳುತ್ತಾರೆ. ಆಯಿಗೆ ಯಾರೂ ಶಾಲು ಹೊದಿಸಲಿಲ್ಲ. ಬದಲಿಗೆ, ಆಕೆ ಕೂಡಿಟ್ಟ ಹಳೆಯ ಸೀರೆಗಳ ಗಂಟನ್ನೇ ಅಪ್ಪ ಪಾತ್ರೆ ಮಾರುವವಳಿಗೆ ಕೊಟ್ಟು ಒಂದು ಕೆಂಪು ಪ್ಲಾಸ್ಟಿಕ್ ಬಕೀಟು ತಂದ.

ಅಷ್ಟರಲ್ಲಿ ಮುದ್ದೇಬಿಹಾಳಕ್ಕೆ ಕೊಟ್ಟಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಳು. ಹುಟ್ಟಿದ ಕೂಸಿಗೆ ಹೊಸ ಅರಿವೆ ಸೋಕಿಸುವಂತಿಲ್ಲ, ಉಟ್ಟು ಮೆತ್ತಗಾದ ಹತ್ತಿಯೇ ಬೇಕು. ಆಯಿ ಗಂಟು ಹುಡುಕಿದಳು, ಸಂಗತಿ ತಿಳಿದಳು, ಸಿಡಿದಳು.

"ಲೇ ಮೂಳಾ, ಕೂಸಿಗಿ ಏನು ಹಾಸೂದು? ನಿನ್ನ ಬಕೀಟನ್ಯಾಗ ಇಡೂದೇನು?"

ಹಳೆಯ ಹತ್ತಿ ಸೀರೆಗಾಗಿ ಓಣಿಯೆಲ್ಲ ತಿರುಗಿ ಕೇಳಿದೆವು. "ಎಲ್ಲಾ ಕೊಟ್ಟು ಬಕೀಟ ತಗೊಂಡೇವ್ರಿ ಆಯಿ. ನಿಮ್ಮ ಮಗಾನ ಹೇಳಿದ್ರಲ್ರಿ" ಎಂದರು. ಓಣಿಯವರೆಲ್ಲ ಅಪ್ಪನ ಗಿರಾಕಿಗಳೇ.

ಬೇರೆ ದಾರಿ ಕಾಣದೆ ಆಯಿ ನೈಲಾನ್ ಸೀರೆಗಳಿಂದಲೇ ಚಿಕ್ಕ ಕೌದಿ ಹೊಲಿದಳು. ಪರೀಕ್ಷೆಗೆಂದು ಅದರ ಮೇಲೆ ಒಂದು ತಂಬಿಗೆ ನೀರು ಸುರಿದಳು. ನೀರು ಒಂದಿಷ್ಟೂ ಇಂಗದೆ ಹರಿದು ಹೋಗಿ, ರೊಟ್ಟಿ ತಿನ್ನುತ್ತ ಕೂತಿದ್ದ ಅಪ್ಪನನ್ನು ತೋಯಿಸಿತು.

"ನೋಡು, ಕೂಸು ತನ್ನ ಉಚ್ಚ್ಯಾಗ ತಾನ ಈಸ ಬೀಳ್ತೈತಿ" ಎಂದಳು ಆಯಿ.

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ. "ನನ್ನ ಕೂಸಿಗಿ ಒಂದು ಹರಕ ಅರಿವಿನೂ ಇಲ್ಲೇನವ್ವಾ?" ಎಂದು ಹೊಟ್ಟೆ ಹಿಡಿದುಕೊಂಡು ಅತ್ತಳು. ಅಪ್ಪನ ಮೇಲೆ ನನಗೆ ಕೆಟ್ಟ ಸಿಟ್ಟು ಬಂತು.

ಮರುದಿನ ಮಟಮಟ ಮಧ್ಯಾಹ್ನ ಹೆರಿಗೆಯಾಯಿತು. "ಹೆಣ್ಣು ಕೂಸು! ಲಗೂನ ಅರಿವಿ ಕೊಡ್ರಿ!" ಎಂದು ಸೂಲಗಿತ್ತಿ ಒಳಗಿನಿಂದ ಕೂಗಿದಳು. ಅಂಗಡಿಯಿಂದ ಓಡಿಬಂದ ಅಪ್ಪ ಅಂಗಳದಲ್ಲಿ ಏದುಸಿರು ಬಿಡುತ್ತಿದ್ದ. ಆಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಊರಿಗೆಲ್ಲ ಟೆರಿಲಿನ್ ಉಡಿಸಿದ ಮಹಾನುಭಾವ ತಾನು ಉಟ್ಟಿದ್ದು ಒಗೆದೊಗೆದು ಮೆತ್ತಗಾದ ಹತ್ತಿಯ ಧೋತರ!

"ಬಿಚ್ಚು."

"ಯವ್ವಾ, ಮಂದಿ ಅದಾರ!"

"ಇರಲಿ ಬಿಡೊ. ನೀ ಹುಟ್ಟಿದಾಗ ಏನು ಉಟಗೊಂಡು ಬಂದಿದ್ದಿ?"

ಆತ ಬಿಚ್ಚುವ ತನಕ ಆಯಿ ಕಾಯಲಿಲ್ಲ, ತಾನೇ ಎಳೆದುಕೊಂಡು ಒಳಗೆ ಹೋದಳು. ಓಣಿಯ ಹೆಂಗಸರೆದುರು ಅಪ್ಪ ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತ. ಸ್ವಲ್ಪ ಹೊತ್ತಿಗೆ ಧೋತರದಲ್ಲಿ ಸುತ್ತಿದ ಮೊಮ್ಮಗಳನ್ನು ತಂದು ಅವನ ಕೈಗಿಟ್ಟರು. ಅವಳು ಆ ಕ್ಷಣವೇ ಉಚ್ಚೆ ಹೊಯ್ದಳು. ಅಪ್ಪ ಗಾಬರಿಯಾಗಿ ಕೆಳಗೆ ನೋಡಿದ. ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ.

"ಹೀರಿಕೊಂತು ನೋಡ್ರಿ" ಎಂದ, ಗಿರಾಕಿಗೆ ಹೇಳುವ ದನಿಯಲ್ಲೇ. ಹಾಗೆನ್ನುತ್ತ ಚಡ್ಡಿಯಲ್ಲೇ ನಿಂತು ಅಳತೊಡಗಿದ.