ಕದಲುವ ಬೆಳಕು
ನಮ್ಮ ಶಿವಾರಪಟ್ಟಣದಲ್ಲಿ ಬೆಚ್ಚಿಬೀಳುವುದಕ್ಕೆಂದೇ ಹುಟ್ಟಿದವರು ಶಿಲ್ಪಿ ಕೋದಂಡಾಚಾರಿ. ಕಾಫಿ ಬಿಸಿಯಿದ್ದರೂ ‘ಅಯ್ಯಯ್ಯೋ’, ಆರಿದ್ದರೂ ‘ಅಯ್ಯಯ್ಯೋ’. ಬಸ್ಸು ಹೊತ್ತಿಗೆ ಸರಿಯಾಗಿ ಬಂದರಂತೂ ಎದೆ ಹಿಡಿದುಕೊಂಡು ಕೂತುಬಿಡುವರು. ಕಲ್ಲೊಂದನ್ನೇ ನಂಬಿದವರು. ‘ಕೆತ್ತಿದ್ದು ಕದಲಲ್ಲ ಕಣ್ರಯ್ಯಾ’ ಎನ್ನುವರು. ಎಂಬತ್ತಾರರ ವಯಸ್ಸಿನಲ್ಲಿ ಅವರು ನವಗ್ರಹದ ಗುರುವನ್ನು ಕೆತ್ತುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ಊರ ಶಾಲೆಯ ಮೇಷ್ಟ್ರು ಪೇಪರ್ ಓದುತ್ತ, ಗುರುಗ್ರಹದ ಚಂದ್ರನೊಂದರ ಮೇಲೆ ಬಣ್ಣದ ಬೆಳಕು ಆಡುತ್ತದಂತೆ, ಗಂಟೆಗಂಟೆಗೂ ಜಾಗ ಬದಲಿಸಿ ಹೆಚ್ಚುಕಮ್ಮಿಯಾಗುತ್ತದಂತೆ ಎಂದರು. ಆಚಾರಿಯ ಉಳಿ ಕೈಜಾರಿತು. ‘ಅಯ್ಯಯ್ಯೋ! ಕಣ್ಣು ತೆರೆಸ್ದೇನೇ ಜೀವ ಹೆಂಗ್ ಬಂತು ಮೇಷ್ಟ್ರೇ ಅದಕ್ಕೆ?’ ಕೊನೆಯಲ್ಲಿ ಕಣ್ಣು ತೆರೆಸಿದರೆ ಮಾತ್ರ ವಿಗ್ರಹಕ್ಕೆ ಜೀವ ಎಂಬುದು ಅವರ ಕಸುಬಿನ ನಂಬಿಕೆ. ಎದ್ದುಹೋಗಿ ಮೂಲೆಯ ಗೋಣಿತಾಟು ಸರಿಸಿದರು. ಅದರಡಿ, ತೀರಿಹೋದ ಮಗಳ ಮುಖವನ್ನು ಕಲ್ಲಿನಲ್ಲಿ ಕೆತ್ತಿಟ್ಟಿದ್ದರು. ಕಣ್ಣು ತೆರೆಸಲು ಮಾತ್ರ ಕೈಯೇ ಎದ್ದಿರಲಿಲ್ಲ. ಅದರ ಕೆನ್ನೆಯ ಮೇಲೆ ಅಂಗೈಯಿಟ್ಟು, ಏನಾದರೂ ಕದಲೀತೇನೋ ಎಂದು ಉಸಿರು ಬಿಗಿಹಿಡಿದು ಕಾದರು.