ಡಿ ಮೈನರ್‌ಗೆ ಹನ್ನೊಂದು ತಿಂಗಳು

ಪಿಯಾನೋದಲ್ಲಿ ಬಿಳಿ ಮನೆ ಯಾವುದು, ಕರಿ ಮನೆ ಯಾವುದು ಅನ್ನುವುದು ಬಿಟ್ಟರೆ ನನ್ನ ಗಂಡನಿಗೆ ಬೇರೇನೂ ಗೊತ್ತಿಲ್ಲ. ಅಂಥವರು ನಾನು ಏನು ಕಲಿಯಬೇಕೆಂದು ತೀರ್ಮಾನ ಮಾಡಿದ್ದರು, ಅದೂ ನನ್ನ ಬೆನ್ನ ಹಿಂದೆ. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಮೂವತ್ತು ವರ್ಷ ಶಾಲೆಯ ಪ್ರಾರ್ಥನೆಗೆ ಹಾರ್ಮೋನಿಯಂ ಒತ್ತಿದವಳು ನಾನು. ನಿವೃತ್ತಿಯಾದ ಮೇಲೆ ಒಂದು ಡಿಜಿಟಲ್ ಪಿಯಾನೋ ತರಿಸಿಕೊಂಡು, ಭಾನುವಾರ ಭಾನುವಾರ ಕಣಕಟ್ಟೆಯಿಂದ ಬಸ್ಸು ಹತ್ತಿ ಅರಸೀಕೆರೆಗೆ ಪಾಠಕ್ಕೆ ಹೋಗತೊಡಗಿದೆ. ಹೇಳಿಕೊಡುವವರು ಹಿಂದೆ ಕಾನ್ವೆಂಟಿನಲ್ಲಿದ್ದ ಮಿಸ್ಸು, ರೈಲ್ವೆ ಸ್ಟೇಷನ್ನಿನ ಹಿಂದೆ ಮನೆ. ಎರಡು ವರ್ಷವಾದ ಮೇಲೆ ಅವರೇ ಅಂದರು, ಇನ್ನು ಬರೋಕ್ ಕಾಲದ ಒಂದು ಸ್ವೀಟ್ ಶುರುಮಾಡಬಹುದು, ಯಾವುದು ಅಂತ ನೀವೇ ಆರಿಸಿ. ತಿನ್ನುವ ಸ್ವೀಟಲ್ಲ, ಒಂದೇ ಶ್ರುತಿ ಹಿಡಿದು ಒಂದರ ಹಿಂದೊಂದು ಬರುವ ಐದಾರು ಕುಣಿತಗಳು, ಮುನ್ನೂರು ವರ್ಷದ ಹಿಂದಿನವು.

ನೀವೇ ಆರಿಸಿ! ಈ ಮಾತನ್ನು ನನಗೆ ಯಾರು ಹೇಳಿದ್ದರು? ಮದುವೆ ಸೀರೆ ಅತ್ತೆ ಆರಿಸಿದರು, ಕೆಲಸದ ಊರು ಇಲಾಖೆ ಆರಿಸಿತು. ಹದಿನೈದು ದಿನ ಅಡುಗೆಮನೆಯಲ್ಲಿ ಫೋನು ಒರಗಿಸಿಟ್ಟುಕೊಂಡು, ಮುದ್ದೆ ತಿರುವುತ್ತ ಹತ್ತಾರು ಸ್ವೀಟ್ ಕೇಳಿದೆ. ಕೊನೆಗೆ ಡಿ ಮೈನರ್‌ ಎಂಬ ಶ್ರುತಿಯದೊಂದು ಹಿಡಿಸಿತು. ಅದರ ನಡುವೆ ಸರಬಾಂದ್ ಎಂಬ ನಿಧಾನದ ಕುಣಿತವಿದೆ. ಎರಡನೆಯ ಹೆಜ್ಜೆಗೆ ತಡೆದು ನಿಲ್ಲುತ್ತದೆ. ಅದನ್ನು ಮೊದಲು ಕೇಳಿದ ದಿನ ಮುದ್ದೆ ತಳ ಹತ್ತಿತು.

ಭಾನುವಾರ ಹೋಗಿ ಹೇಳಿದರೆ ಮಿಸ್ಸು ಪುಸ್ತಕ ಮುಚ್ಚಿಟ್ಟರು. "ಪೂರ್ತಿ ಸ್ವೀಟ್ ಈಗ ಬೇಡ. ಮಿನುಯೆಟ್ ಅಂತ ಸಣ್ಣ ಕುಣಿತ ಒಂದು ಸಾಕು, ಮೂರು ತಿಂಗಳಲ್ಲಿ ಮುಗಿಯುತ್ತೆ. ನಿಮ್ಮ ಯಜಮಾನರು ಫೋನ್ ಮಾಡಿದ್ರು. ಮಠದ ಶಾಲೆ ವಾರ್ಷಿಕೋತ್ಸವಕ್ಕೆ ನುಡಿಸ್ತೀರಂತಲ್ಲ?"

ನುಡಿಸ್ತೀನಂತೆ! ಹೆಸರು ಬೇಕಾದದ್ದು ಅವರಿಗೆ, ಬೆರಳು ನನ್ನವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಲಿಯುವವಳು ನಾನೋ ಫೋನ್ ಮಾಡಿದವರೋ ಎಂದು ಮಿಸ್ಸನ್ನು ಕೇಳಬೇಕಿತ್ತು. ಪುಸ್ತಕ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಅವರು ಅಟ್ಟದ ಏಣಿಯ ಕೆಳಗೆ ಕೂತು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ನಮ್ಮ ಕಡೆ ಕೊಬ್ಬರಿ ಆಗುವುದೇ ಹಾಗೆ. ಇಡೀ ಕಾಯನ್ನು ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಇಳಿಸುವಂತಿಲ್ಲ. ನೀರು ಒಳಗೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಅನ್ನಬೇಕು.

"ಯಾರನ್ನ ಕೇಳಿ ಫೋನ್ ಮಾಡಿದ್ರಿ?"

"ಕಮಿಟಿಯೋರ್ಗೆ ಹೇಳ್ಬಿಟ್ಟಿದೀನಿ ಕಣೇ. ಯಾವ್ದೋ ಒಂದು ಸಣ್ಣದು ಬಾರಿಸಿದ್ರಾಯ್ತು. ಅವ್ರಿಗೇನು ಗೊತ್ತಾಯ್ತದೆ?"

ಯಾವುದೋ ಒಂದು!

"ಅಟ್ಟದ ಮೇಲಿರೋ ಕಾಯಿಗೆ ಹನ್ನೊಂದು ತಿಂಗಳು ಕೊಡ್ತೀರಿ, ನನಗೆ ಮೂರಾ? ನಿಮ್ಮ ತಮ್ಮ ರೇಟಿನ ಆಸೆಗೆ ಎಂಟನೇ ತಿಂಗಳಿಗೇ ಇಳಿಸಿದ, ಒಳಗೆಲ್ಲ ಹಸಿ ಅಂತ ಅವನ ಹತ್ರ ಒಂದು ವಾರ ಮಾತು ಬಿಟ್ಟಿದ್ರಲ್ಲ. ಈಗ ನಾನೆಷ್ಟು ವಾರ ಬಿಡ್ಲಿ?"

ಅವರು ಕಾಯಿ ಕೆಳಗಿಟ್ಟು ಏಣಿ ಹತ್ತಿದರು. ನಾನೂ ಮಾತು ಬಿಟ್ಟೆ. ಒಂಬತ್ತನೆಯ ದಿನ ಅವರು, ಕಮಿಟಿಯವರಿಗೆ ಈ ವರ್ಷ ಆಗಲ್ಲ ಅಂತ ಹೇಳಿ ಬಂದೆ ಎಂದು ಗೋಡೆ ನೋಡಿಕೊಂಡು ಹೇಳಿದರು. ಮುಂದಿನ ಭಾನುವಾರ ಡಿ ಮೈನರ್‌ನ ಪುಟ ತೆರೆದು ನಾನೇ ಸ್ಟ್ಯಾಂಡಿನ ಮೇಲಿಟ್ಟೆ. ಮಿಸ್ಸು ಪೆನ್ಸಿಲ್ ತೆಗೆದು ಮೊದಲ ಸಾಲಿಗೆ ಬೆರಳಿನ ಅಂಕಿ ಬರೆದರು.

ಅದಾಗಿ ನಾಲ್ಕು ತಿಂಗಳು. ಸರಬಾಂದ್ ಅರ್ಧ ಬಂದಿದೆ. ನಿನ್ನೆ ಸಂಜೆ ನುಡಿಸುತ್ತಿದ್ದಾಗ ಅವರು ಕೈಯಲ್ಲೊಂದು ಕಾಯಿ ಹಿಡಿದು ಬಾಗಿಲಿಗೆ ಬಂದು ನಿಂತರು.

"ಇನ್ನೂ ನೀರೈತೆ ಕಣೇ."

"ಕಾಯೊಳಗಾ?"

"ನಿನ್ನದ್ರಾಗೆ. ಆ ತಡ್ದು ನಿಂತ್ಕಳ್ತೀಯಲ್ಲ, ಅಲ್ಲಿ."

ನಿಜವೇ. ಅಲ್ಲೇ ನನ್ನ ಎಡಗೈ ಅವಸರ ಮಾಡುತ್ತಿತ್ತು. ಮಿಸ್ಸೂ ಅದನ್ನೇ ಹೇಳಿದ್ದರು. ನಾಲ್ಕು ತಿಂಗಳು ಈ ಮನುಷ್ಯ ಕಿವಿಗೊಟ್ಟು ಕೇಳಿದ್ದಾರೆಂದು ತಿಳಿದು ಇನ್ನೂ ಸಿಟ್ಟು ಬಂತು.

"ನೀರಿದ್ರೆ ಇಳಿಸ್ಬೇಡಿ!" ಎಂದು ಕೂಗಿ, ಮೊದಲಿಂದ ಶುರುಮಾಡಿದೆ.